ಮುತ್ತಜ್ಜನಿಗೆ ಎರಡು ಹುಟ್ಟಿದ ಇಸವಿ, ಯಾವುದನ್ನ ಹೊಡೆದು ಹಾಕ್ಲಿ?

ಪ್ರಶ್ನೆ: ಮೇಡಂ, ನಾವಿರೋದು ದಾವಣಗೆರೆ, ಮೂಲ ಹಿರಿಯೂರು ಕಡೆ. ಎರಡು ವರ್ಷದಿಂದ ಮನೆತನದ ವಿವರ ಕೂಡಿಸ್ತಾ ಇದ್ದೀನಿ, ಮೂರು ನೋಟ್‌ಬುಕ್ ತುಂಬಿದೆ, ಫೋನಲ್ಲಿ ಫೋಟೋ, ರೆಕಾರ್ಡಿಂಗ್ ಬೇರೆ. ಈಗ ನೋಡಿದ್ರೆ ಮುತ್ತಜ್ಜ ಹುಟ್ಟಿದ್ದು ಒಂದು ಕಡೆ 1907, ಇನ್ನೊಂದು ಕಡೆ 1904 ಅಂತ ಬರ್ದಿದ್ದೀನಿ. ದೊಡ್ಡಪ್ಪ "ಮಾರಿಕಣಿವೆ ಕಟ್ಟೋ ಕಾಲಕ್ಕೆ ಹುಟ್ಟಿದ್ದು" ಅಂದಿದ್ರು, ಅಜ್ಜಿ "ಕ್ರೋಧಿ ಸಂವತ್ಸರ, ಶಿವರಾತ್ರಿ ಹಿಂದೆಮುಂದೆ" ಅಂದಿದ್ರು, ಅದಷ್ಟೇ ನೆನಪು. ಯಾವುದು ತಪ್ಪು?

ಉತ್ತರ: ನೋಡಮ್ಮ, ಅವರಿಬ್ಬರೂ ತಪ್ಪು ಹೇಳಿಲ್ಲ. ಇಸವಿ ಹಾಕಿದ್ದು ನೀನು. ಮಾರಿಕಣಿವೆ ಡ್ಯಾಮಿನ ಕೆಲಸ ವರ್ಷಗಟ್ಟಲೆ ನಡೆದು ಮುಗಿದಿದ್ದು 1907ರಲ್ಲಿ, ದೊಡ್ಡಪ್ಪ "ಕಟ್ಟೋ ಕಾಲಕ್ಕೆ" ಅಂದ್ರೇ ಹೊರತು "ಕಟ್ಟಿ ಮುಗಿದಾಗ" ಅನ್ಲಿಲ್ವಲ್ಲ, ನೀನು ಎಲ್ಲೋ ಮುಗಿದ ವರ್ಷ ಓದಿ ಅದನ್ನೇ ಬರ್ಕೊಂಡಿದ್ದೀಯ ಅನ್ಸುತ್ತೆ. ಇನ್ನು ಕ್ರೋಧಿ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತೆ, 1904, 1964, ಮೊನ್ನೆ 2024ರಲ್ಲೂ ಕ್ರೋಧಿನೇ. ಮುತ್ತಜ್ಜನ ಲೆಕ್ಕಕ್ಕೆ ಕೂರೋದು 1904ರ ಯುಗಾದಿಗೆ ಶುರುವಾಗಿದ್ದು, ಆದ್ರೆ ಸಂವತ್ಸರ ಮುಗಿಯೋದು ಮುಂದಿನ ಯುಗಾದಿಗೆ, ಶಿವರಾತ್ರಿ ಬರೋದು ಅದಕ್ಕಿಂತ ಸ್ವಲ್ಪ ಮುಂಚೆ. ಅಂದ್ರೆ ಅಜ್ಜಿ ಮಾತಿನ ಪ್ರಕಾರ ಅದು 1905, ಆಗ ಕಣಿವೆ ಕೆಲಸ ನಡೀತಾನೇ ಇತ್ತು. ಇಬ್ಬರ ಮಾತೂ ಒಂದಕ್ಕೊಂದು ಸರಿ ಹೊಂದುತ್ತೆ!

ಅದಕ್ಕೇ ನಾನು ಎಲ್ಲರಿಗೂ ಹೇಳೋದು, ಮೊದಲು ಅವರ ಬಾಯಿಂದ ಬಂದ ಮಾತು ಹಾಗೇ ಬರೀರಿ, "ಅವಾಗ ನಮ್ಮೂರಾಗೆ ಪ್ಲೇಗ್ ಬಂದಿತ್ತು" ಅಂದ್ರೆ ಹಾಗೇ, ಪಕ್ಕದಲ್ಲಿ ಯಾರು ಹೇಳಿದ್ರು, ಯಾವತ್ತು, ಎಲ್ಲಿ ಕೂತು, ಅವರಿಗೆ ಅದು ಯಾರಿಂದ ಗೊತ್ತಾಯ್ತು ಅನ್ನೋದು. ನಿಮ್ಮ ಲೆಕ್ಕ ಆಮೇಲೆ, ಅದೂ ಪೆನ್ಸಿಲ್‌ನಲ್ಲಿ, ಬೇರೆ ಜಾಗದಲ್ಲಿ. ನಾನು ಪುಟಕ್ಕೆ ಗೆರೆ ಎಳೆದು ಎಡಕ್ಕೆ ಮಾತು, ಬಲಕ್ಕೆ ನನ್ನ ಊಹೆ ಅಂತ ಮಾಡ್ಕೊಂಡಿದ್ದೀನಿ. ಮೊದಲನೇ ನೋಟ್‌ಬುಕ್‌ನಲ್ಲಿ ಹಾಗೆ ಮಾಡಿರಲಿಲ್ಲ, ನಮ್ಮಜ್ಜಿ ಹೇಳಿದ್ದನ್ನೆಲ್ಲ ನಾನೇ ತಿದ್ದಿ ಇಸವಿ ಮಾಡಿ ಬರ್ದೆ, ಈಗ ಅಜ್ಜಿ ಇಲ್ಲ, ಅವರು ಏನಂದಿದ್ರು ಅನ್ನೋದು ನನ್ನ ಹತ್ರಾನೂ ಇಲ್ಲ. ಇವತ್ತಿಗೂ ಅದು ನೆನಪಾದ್ರೆ ಹೊಟ್ಟೆ ಉರಿಯುತ್ತೆ.

ಇನ್ನೊಂದು, ನಮ್ಮ ಕಡೆ ಅಜ್ಜನ ಹೆಸರು ಮೊಮ್ಮಗನಿಗೆ ಇಡ್ತಾರೆ, ಮೂರು ತಲೆಮಾರಲ್ಲಿ ಒಂದೇ ಹೆಸರು ನಾಲ್ಕು ಜನಕ್ಕೆ ಇರುತ್ತೆ. ಬರೀ ಹೆಸರು ಬರ್ಕೊಂಡ್ರೆ ಕಲಸಿ ಹೋಗುತ್ತೆ, ಹೆಂಡತಿ ಹೆಸರು, ತವರೂರು ಸೇರಿಸಿ, ಒಬ್ಬೊಬ್ಬರಿಗೆ ಒಂದೊಂದು ನಂಬರ್ ಕೊಡಿ. ಹೆಣ್ಮಕ್ಕಳದ್ದು ಬಿಡಬೇಡಿ, ವಂಶವೃಕ್ಷ ಅಂದ್ರೆ ಗಂಡಸರ ಹೆಸರಿನ ಸಾಲು ಅಂತ ಎಷ್ಟೋ ಮನೆಯಲ್ಲಿ ಇದೆ, ಕೊಟ್ಟ ಊರು, ತಂದ ಊರು ಗೊತ್ತಿದ್ರೆ ಮುಂದಿನ ದಾರಿ ಅಲ್ಲಿಂದಾನೇ ಸಿಗೋದು. ಹೆಳವರು, ಅಂದ್ರೆ ಊರೂರು ತಿರುಗಿ ಮನೆತನದ ವಂಶಾವಳಿ ಹೇಳೋರು, ನಿಮ್ಮ ಊರಿಗೆ ಬರೋ ಪದ್ಧತಿ ಇದ್ರೆ, ಕೇಳಿ ಒಪ್ಪಿಸಿ ಅವರು ಹೇಳೋದನ್ನ ರೆಕಾರ್ಡ್ ಮಾಡಿ, ಆದ್ರೆ ಅದನ್ನೂ "ಹೆಳವರು ಹೇಳಿದ್ದು" ಅಂತಾನೇ ಬರೀರಿ. ಹುಡುಕಿ ಸಿಗದೇ ಇದ್ದಿದ್ದೂ ಬರೀರಿ, ಯಾವ ಆಫೀಸಲ್ಲಿ ಯಾವ ವರ್ಷದ ರಿಜಿಸ್ಟರ್ ನೋಡಿದ್ರಿ ಅಂತ, ಇಲ್ಲಾಂದ್ರೆ ಮತ್ತೆ ಅಲ್ಲಿಗೇ ಬಸ್ ಹತ್ತೀರಿ.

ಪ್ರಶ್ನೆ: ನಮ್ಮಮ್ಮನ ತವರು ಹರಪನಹಳ್ಳಿ ಹತ್ರ. ಹಳೇ ಕ್ರಯಪತ್ರದಲ್ಲಿ "ಬಳ್ಳಾರಿ ಜಿಲ್ಲೆ" ಅಂತಿದೆ, ಇನ್ನೊಂದರಲ್ಲಿ "ದಾವಣಗೆರೆ ಜಿಲ್ಲೆ". ಎರಡು ಬೇರೆ ಊರಾ?

ಉತ್ತರ: ಊರು ಒಂದೇ, ಜಿಲ್ಲೆ ಬದಲಾಗಿದೆ. ಹರಪನಹಳ್ಳಿ ಬಳ್ಳಾರಿಗೆ ಸೇರಿತ್ತು, 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಈ ಕಡೆ ಬಂತು, 2018ರಲ್ಲಿ ಮತ್ತೆ ಬಳ್ಳಾರಿ, ಈಗ ವಿಜಯನಗರ. ದಾವಣಗೆರೆ, ಜಗಳೂರು, ಹರಿಹರದ ಹಳೇ ಕಾಗದದಲ್ಲಿ ಚಿತ್ರದುರ್ಗ ಅಂತ ಇರುತ್ತೆ, ಚನ್ನಗಿರಿ, ಹೊನ್ನಾಳಿದಾದ್ರೆ ಶಿವಮೊಗ್ಗ. ಕಾಗದದಲ್ಲಿ ಏನಿದೆಯೋ ಅದನ್ನೇ ಬರ್ದು, ಕಾಗದದ ತಾರೀಖು, ಪುಟ, ಅದು ಈಗ ಯಾರ ಮನೆ ಟ್ರಂಕಲ್ಲಿದೆ ಅನ್ನೋದನ್ನ ಕೆಳಗೆ ಹಾಕಿ. ಫೋಟೋ ತೆಗೆಯೋವಾಗ ಹಿಂಬದಿದೂ ತೆಗೀರಿ, ಸೀಲು, ಸಾಕ್ಷಿಗಳ ಹೆಬ್ಬೆಟ್ಟು ಎಷ್ಟೋ ಸಲ ಅಲ್ಲೇ ಇರುತ್ತೆ.