ಕೈಯಲ್ಲೇ ಮಾಡಿಸುವ ಮಡಚುವ ಚಾಕುವಿಗೆ ಯಾವ ಹಿಡಿ ಒಳ್ಳೆಯದು?

ಮಡಚುವ ಚಾಕುವಿನಲ್ಲಿ ಹಿಡಿ ಅಂದ್ರೆ ಬರೀ ಹಿಡಿದುಕೊಳ್ಳುವ ಜಾಗವಲ್ಲ. ಅಲಗು ಅದರೊಳಗೇ ಮಡಚಿ ಕೂರುತ್ತದೆ. ತಿರುಗುವ ಪಿನ್ನು, ಲಾಕು ಕೂಡ ಅಲ್ಲೇ ಇರುತ್ತವೆ. ಹಿಡಿ ಸ್ವಲ್ಪ ಬಾಗಿದರೂ ಅಲಗು ಒಂದು ಬದಿಗೆ ಉಜ್ಜಲು ಶುರುವಾಗುತ್ತದೆ.

ಅದಕ್ಕೇ, ಮರದ ಹಿಡಿ ಬೇಕೆಂದರೆ ಒಳಗೆ ಸ್ಟೀಲ್ ಅಥವಾ ಟೈಟಾನಿಯಂ ಲೈನರ್, ಅಂದ್ರೆ ಹಿಡಿಯ ಒಳಬದಿಗೆ ಕೂರುವ ತೆಳು ಲೋಹದ ತಗಡು, ಹಾಕಿಸಿ. ಮರ ತೇವಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಗಾಳಿ ಹೊರಗೆಳೆದು, ಒಳಗೆ ರೆಸಿನ್ (ಗಟ್ಟಿಯಾಗುವ ಅಂಟಿನಂಥ ದ್ರವ) ತುಂಬಿಸಿ ಗಟ್ಟಿ ಮಾಡಿದ ಸ್ಟೆಬಿಲೈಸ್ಡ್ ಮರದಲ್ಲಿ ಈ ಕಾಟ ತುಂಬಾ ಕಡಿಮೆ. ಬೀಟೆ ಜಾತಿಯ ಮರಗಳ ಅಂತರರಾಷ್ಟ್ರೀಯ ಮಾರಾಟಕ್ಕೆ 2017ರಿಂದ ಸೈಟಿಸ್ ಎಂಬ, ಅಪಾಯದಲ್ಲಿರುವ ಗಿಡ-ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣವಿದೆ, ವಿಚಾರಿಸಿಕೊಳ್ಳಿ. ಆನೆದಂತ ಬೇಡವೇ ಬೇಡ.

ದಿನಾ ಬಳಸುವ ಚಾಕುವಾದರೆ ನಾನು ಹೇಳುವುದು ಕ್ಯಾನ್ವಾಸ್ ಮೈಕಾರ್ಟಾ. ಬಟ್ಟೆಯ ಪದರಗಳನ್ನು ರೆಸಿನ್‌ನಲ್ಲಿ ನೆನೆಸಿ, ಬಿಸಿಯಲ್ಲಿ ಒತ್ತಿ ಮಾಡುವ ಹಲಗೆ ಅದು. ಜಾಸ್ತಿ ಪಾಲಿಶ್ ಮಾಡಿಸಬೇಡಿ. ಮೇಲ್ಮೈ ಒರಟಾಗಿಯೇ ಇದ್ದರೆ ಒದ್ದೆ ಕೈಯಲ್ಲೂ ಹಿಡಿತ ಸಿಗುತ್ತದೆ. ಬಳಸುತ್ತಾ ಹೋದಂತೆ ಕೈಯ ಎಣ್ಣೆ ಹೀರಿ ಬಣ್ಣ ಗಾಢವಾಗುತ್ತದೆ, ನನಗಂತೂ ಅದು ಬಲು ಇಷ್ಟ.

ಗಾಜಿನ ನಾರು ಮತ್ತು ಎಪಾಕ್ಸಿ ಎಂಬ ರೆಸಿನ್‌ನಿಂದ ಮಾಡಿದ ಜಿ10 ಹಲಗೆ ಇನ್ನೂ ಗಟ್ಟಿ, ನೀರಿಗೆ ಜಗ್ಗುವುದಿಲ್ಲ. ಕಾರ್ಬನ್ ಫೈಬರ್ ಹಗುರ, ಆದರೆ ನುಣುಪು ಜಾಸ್ತಿ. ಫ್ರೇಮ್ ಲಾಕ್ (ಹಿಡಿಯ ಒಂದು ಬದಿಯ ಭಾಗವೇ ಸ್ಪ್ರಿಂಗಿನಂತೆ ಒಳಬಾಗಿ ಅಲಗನ್ನು ತಡೆಹಿಡಿಯುವ ಲಾಕು) ಬೇಕಿದ್ದರೆ ಲಾಕ್ ಇರುವ ಬದಿಗೆ ಟೈಟಾನಿಯಂ ಒಳ್ಳೆಯದು.

ನೀವೇ ಕೊರೆದು ಉಜ್ಜುವುದಾದರೆ ಸುಮ್ನೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಸಾಲದು. ಜಿ10, ಕಾರ್ಬನ್ ಫೈಬರ್ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಸರಿಯಾದ ರೆಸ್ಪಿರೇಟರ್ (ಪುಡಿ ಸೋಸುವ ಮುಖವಾಡ) ಹಾಕಿಕೊಳ್ಳಿ, ನೀರು ಹಾಕಿಕೊಂಡು ಉಜ್ಜಿ.