ಅವ್ವನಿಗೆ ಯಾವ ಪದ?

ಪ್ರಶ್ನೆ: ಗುರುಗಳೇ, ನಾನು ಗದಗ ಜಿಲ್ಲೆಯ ಹಳ್ಳಿಯವನು. ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ದಿನಕ್ಕೆ 30ರಂತೆ ಇಂಗ್ಲಿಷಿನ ಕಠಿಣ ಪದಗಳನ್ನು ಅರ್ಥಸಹಿತ ಬಾಯಿಪಾಠ ಮಾಡುತ್ತೇನೆ. ಎರಡು ದಪ್ಪ ನೋಟ್‌ಬುಕ್ ತುಂಬಿವೆ. ಕಳೆದ ತಿಂಗಳು ಅಣಕು ಸಂದರ್ಶನದಲ್ಲಿ ಮನೆಯ ಬಗ್ಗೆ ಕೇಳಿದರು. ನನ್ನ ಅವ್ವ ಖಾನಾವಳಿಗಳಿಗೆ ರೊಟ್ಟಿ ಬಡಿದುಕೊಟ್ಟು, ಕೈ ಹಿಡಿದು ಖರ್ಚು ಮಾಡಿ ನನ್ನನ್ನು ಓದಿಸುತ್ತಿದ್ದಾಳೆ. ಅದನ್ನು ಹೇಳಲು ‘ಮೈ ಮದರ್ ಈಸ್ ಪಾರ್ಸಿಮೋನಿಯಸ್’ ಎಂದೆ. ಎದುರಿಗಿದ್ದವರು ಮುಖ ಮುಖ ನೋಡಿಕೊಂಡು ನಕ್ಕರು. ನನ್ನ ನೋಟ್‌ಬುಕ್ಕಿನಲ್ಲಿ ಆ ಪದಕ್ಕೆ ‘ಮಿತವ್ಯಯದ’ ಎಂದೇ ಇದೆ. ತಪ್ಪೆಲ್ಲಿ?
(ಹೆಸರು ಬೇಡ ಎಂದಿರುವ ಓದುಗ)

ಉತ್ತರ: ತಮ್ಮಾ, ಅವ್ವನನ್ನು ಹೊಗಳಲು ಹೋಗಿ ಜುಗ್ಗಿ ಎಂದುಬಿಟ್ಟೆ. ನಕ್ಕವರ ಮೇಲೂ ನನಗೆ ಸಿಟ್ಟಿದೆ; ಒಂದು ಮಾತಿನಲ್ಲಿ ತಿದ್ದಬಹುದಿತ್ತು.

ಪಾರ್ಸಿಮೋನಿಯಸ್ ಎಂಬುದರ ಲ್ಯಾಟಿನ್ ಮೂಲಕ್ಕೆ ಕೈ ಬಿಗಿಹಿಡಿಯುವುದು, ಉಳಿಸಿಕೊಳ್ಳುವುದು ಎಂದರ್ಥ. ಇಂದಿನ ಇಂಗ್ಲಿಷಿನಲ್ಲಿ ಮನುಷ್ಯರಿಗೆ ಆ ಪದ ಹಚ್ಚಿದರೆ ಬೈಗುಳವೇ. ಸ್ಟಿಂಜಿ ಎಂದರೂ ಅದೇ ಬೈಗುಳ, ಆದರೆ ದಿನಬಳಕೆಯದು. ನಿನಗೆ ಬೇಕಾಗಿದ್ದದ್ದು ಫ್ರೂಗಲ್, ಇಲ್ಲವೇ ಥ್ರಿಫ್ಟಿ. ಥ್ರಿಫ್ಟಿ ಪದ ಏಳಿಗೆಯಾಗು ಎಂಬ ಅರ್ಥದ ಥ್ರೈವ್‌ಗೆ ಹತ್ತಿರದ ನೆಂಟ. ಹಿಡಿದು ಖರ್ಚು ಮಾಡಿ ಮನೆಯನ್ನು ಮೇಲೆತ್ತಿದವಳು ಎಂಬ ಮೆಚ್ಚುಗೆ ಅದರಲ್ಲಿದೆ. ನಾಲ್ಕಕ್ಕೂ ‘ಮಿತವ್ಯಯದ’ ಎಂದು ಒಂದೇ ಚೀಟಿ ಅಂಟಿಸಿದ್ದು ನಿನ್ನ ನೋಟ್‌ಬುಕ್ಕು. ಕನ್ನಡದಲ್ಲಿ ನೀನು ಈ ತಪ್ಪು ಮಾಡುತ್ತಿರಲಿಲ್ಲ. ‘ನಮ್ಮ ಅವ್ವ ಹಿಡಿತದವಳು’ ಎನ್ನುವುದಕ್ಕೂ ‘ಜಿಪುಣಿ’ ಎನ್ನುವುದಕ್ಕೂ ಇರುವ ಅಂತರವನ್ನು ನಿನಗೆ ಯಾರೂ ಬಾಯಿಪಾಠ ಮಾಡಿಸಿಲ್ಲ.

ನಾಚಿಕೊಳ್ಳಬೇಡ, ನನ್ನದು ಇದಕ್ಕಿಂತ ದೊಡ್ಡ ಪ್ರಮಾದ. ಅಧ್ಯಾಪಕನಾದ ಮೊದಲ ವರ್ಷ, ನನ್ನ ಸಂಬಳದ ತೊಡಕು ಬಿಡಿಸಿಕೊಟ್ಟ ಪ್ರಾಚಾರ್ಯರಿಗೆ ಧನ್ಯವಾದದ ಪತ್ರ ಬರೆದು, ಅವರ ‘ಅಫಿಶಿಯಸ್’ ನೆರವನ್ನು ಎಂದೂ ಮರೆಯಲಾರೆ ಎಂದಿದ್ದೆ. ಅಫಿಶಿಯಲ್ ಎನ್ನುವುದಕ್ಕಿಂತ ಅದು ತೂಕದ ಪದವೆಂದು ನನ್ನ ಎಣಿಕೆ. ಕರೆಯದಿದ್ದರೂ ಬಂದು ಎಲ್ಲದರಲ್ಲಿ ಮೂಗು ತೂರಿಸುವವನಿಗೆ ಹೇಳುವ ಪದ ಅದು. ಸಂಜೆಗೆ ಪತ್ರ ಮರಳಿ ಬಂತು. ಆ ಪದದ ಕೆಳಗೆ ಕೆಂಪು ಶಾಯಿಯ ಗೆರೆ, ಪಕ್ಕದಲ್ಲಿ ‘ಇನ್ನು ಮುಂದೆ ಹಾಗೆ ಮಾಡುವುದಿಲ್ಲ’ ಎಂಬ ಒಂದು ಸಾಲು. ಪ್ರಾಚಾರ್ಯರು ರಸಿಕರಾಗಿದ್ದರು, ನಾನು ಬದುಕಿಕೊಂಡೆ.

ಪದಗಳಿಗೂ ಸಹವಾಸವಿದೆ. ನಾವು ಖಡಕ್ ಚಹಾ ಎನ್ನುತ್ತೇವೆ, ಖಡಕ್ ರೊಟ್ಟಿ ಎನ್ನುತ್ತೇವೆ, ಖಡಕ್ ಅಧಿಕಾರಿ ಎಂದೂ ಎನ್ನುತ್ತೇವೆ. ಖಡಕ್ ಮಳೆ ಎಂದವರನ್ನು ನಾನು ಕಂಡಿಲ್ಲ, ಮಳೆ ಜೋರು. ಇಂಗ್ಲಿಷಿನವರಿಗೂ ಚಹಾ ಸ್ಟ್ರಾಂಗ್, ಮಳೆ ಹೆವಿ. ಅದಲು ಬದಲು ಮಾಡಿದರೆ ವ್ಯಾಕರಣ ಕೆಡುವುದಿಲ್ಲ, ಕಿವಿಗೆ ಮಾತ್ರ ಕಲ್ಲು ಸಿಕ್ಕಂತಾಗುತ್ತದೆ. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಬರಿಯ ಪದ ಬರೆಯಬೇಡ, ಅದು ಯಾರ ಜೊತೆ ಓಡಾಡುತ್ತದೆ ಎಂಬುದನ್ನೂ ಬರೆ. ಫ್ರೂಗಲ್ ಬದುಕಿನ ಜೊತೆ ಬರುತ್ತದೆ, ಊಟದ ಜೊತೆ ಬರುತ್ತದೆ. ನಿನ್ನ ಕೋಣೆಯಲ್ಲಿ ಕಟಿ ರೊಟ್ಟಿ, ಶೇಂಗಾ ಚಟ್ನಿ, ಒಂದು ಹಸಿ ಉಳ್ಳಾಗಡ್ಡಿಯಲ್ಲಿ ರಾತ್ರಿ ಮುಗಿದರೆ ಅದು ಫ್ರೂಗಲ್ ಮೀಲ್. ಹೋಳಿಗೆ ತುಪ್ಪದ ಊಟಕ್ಕೆ ಆ ಪದ ಹತ್ತಿರವೂ ಸುಳಿಯದು. ಹೀಗೆ ನೀನು ಉಂಡದ್ದು, ಕಂಡದ್ದು ಇರುವ ಎರಡು ವಾಕ್ಯ ಬರೆದ ಮೇಲೆಯೇ ಮುಂದಿನ ಪದಕ್ಕೆ ಹೋಗು.

ದಿನಕ್ಕೆ 30 ಎಂಬ ಹಟ ಬಿಡು, ಮೂರು ಸಾಕು. 1885ರಲ್ಲಿ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇನೆ ಎಂದು ಅಳೆದು ಪುಸ್ತಕ ಪ್ರಕಟಿಸಿದ. ಒಂದೇ ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ಜಾರಿಹೋಗುತ್ತಿತ್ತು. ವಾಕ್ಯವಿಲ್ಲದ ಇಂಗ್ಲಿಷ್ ಪದವೂ ನಿನ್ನ ಪಾಲಿಗೆ ಅಂಥ ಅಕ್ಷರಗುಚ್ಛವೇ. ಇಂದು ಬರೆದದ್ದನ್ನು ನಾಳೆ, ನಾಲ್ಕು ದಿನ ಬಿಟ್ಟು, ಮತ್ತೆ ಹದಿನೈದು ದಿನಕ್ಕೆ ಅರ್ಥ ಮುಚ್ಚಿಟ್ಟು ನೋಡು.

ಇನ್ನು ನಿಘಂಟು. ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟನ್ನು ಕೊಳ್ಳು, ಹಳೆಯ ಪ್ರತಿಯಾದರೂ ನಡೆಯುತ್ತದೆ. ಎ.ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ ಹೊಳೆದ ನಿಘಂಟು 1942ರಲ್ಲಿ ಅಲ್ಲಿಯೇ ಅಚ್ಚಾಗಿ, 1948ರಲ್ಲಿ ಆಕ್ಸ್‌ಫರ್ಡ್‌ನಿಂದ ಹೊರಬಂತು. ತನ್ನ ವಿದ್ಯಾರ್ಥಿಗಳು ವಾಕ್ಯ ಕಟ್ಟುವಾಗ ಎಲ್ಲಿ ಎಡವುತ್ತಾರೆ ಎಂದು ಬಲ್ಲ ಮೇಷ್ಟರ ಕೆಲಸ ಅದು. ಅಲ್ಲಿ ಅರ್ಥಕ್ಕಿಂತ ಮೊದಲು ಉದಾಹರಣೆಯ ವಾಕ್ಯ ಓದು. ‘ಡಿಸ್‌ಅಪ್ರೂವಿಂಗ್’ ಎಂಬ ಸೂಚನೆ ಕಂಡರೆ ಅದು ಬೈಗುಳದ ಪದ; ಅವ್ವನ ಹತ್ತಿರ ಒಯ್ಯಬೇಡ.

ನಿಜವಾದ ಸಂದರ್ಶನದಲ್ಲಿ ಮತ್ತೆ ಮನೆಯ ಬಗ್ಗೆ ಕೇಳಿದರೆ ವಿಶೇಷಣವನ್ನೇ ಹುಡುಕಬೇಡ. ಅವ್ವ ದಿನಕ್ಕೆ ಎಷ್ಟು ರೊಟ್ಟಿ ಬಡಿಯುತ್ತಾಳೆ, ಅದರಲ್ಲಿ ನಿನ್ನ ಶುಲ್ಕ ಹೇಗೆ ಹೊರಡುತ್ತದೆ, ಅಷ್ಟನ್ನು ಐದನೆಯ ತರಗತಿಯ ಇಂಗ್ಲಿಷಿನಲ್ಲಿ ಹೇಳು. ಈ ಸಲ ಯಾರೂ ನಗುವುದಿಲ್ಲ.

ಪ್ರಶ್ನೆ: ಸರ್, ಕಚೇರಿಯ ಪತ್ರದಲ್ಲಿ ‘ಪ್ರಿಪೋನ್’ ಎಂದು ಬರೆದೆ. ಮೇಲಧಿಕಾರಿ ಅಂಥ ಪದವೇ ಇಲ್ಲ ಎಂದು ಹೊಡೆದುಹಾಕಿದರು. ಯಾರು ಸರಿ?
(ಓದುಗರು, ಹುಬ್ಬಳ್ಳಿ)

ಉತ್ತರ: ನೀವೇ ಸರಿ, ತಾಯಿ. ಪೋಸ್ಟ್‌ಪೋನ್‌ಗೆ ಎದುರಾಗಿ ನಮ್ಮ ದೇಶದಲ್ಲಿ ಬೆಳೆದ ಪದ ಅದು. ಆಕ್ಸ್‌ಫರ್ಡ್ ನಿಘಂಟಿನಲ್ಲೂ ಜಾಗ ಪಡೆದಿದೆ. ಹುಬ್ಬಳ್ಳಿಯಿಂದ ದಿಲ್ಲಿಯವರೆಗೆ ಧೈರ್ಯವಾಗಿ ಬಳಸಿ. ಲಂಡನ್ನಿಗೆ ಬರೆಯುವಾಗ ಮಾತ್ರ ‘ಬ್ರಿಂಗ್ ಫಾರ್ವರ್ಡ್’ ಎನ್ನಿ. ಅಲ್ಲೊಂದು ಗುಂಡಿಯಿದೆ: ನಾವು ಸಭೆಯನ್ನು ಮುಂದೂಡಿದರೆ ಅದು ತಡವಾಗುತ್ತದೆ, ಅವರು ಫಾರ್ವರ್ಡ್ ತಂದರೆ ಬೇಗ ನಡೆಯುತ್ತದೆ. ನಿಮ್ಮ ಮೇಲಧಿಕಾರಿ ಅದನ್ನು ಕನ್ನಡದ ಲೆಕ್ಕದಲ್ಲಿ ಓದಿಕೊಂಡರೆ, ಸಭೆ ಮುಗಿದು ಕುರ್ಚಿ ಎತ್ತುವ ಹೊತ್ತಿಗೆ ಹೋಗಿ ಕೂರುತ್ತಾರೆ.