ಓದುಗರ ಪ್ರಶ್ನೆ: ತಂಡದ ಕೆಲಸವನ್ನೆಲ್ಲ ನಾನೇ ಮಾಡಿದರೆ ಅದು ಸೇವೆಯೇ?

ಪ್ರಶ್ನೆ: 8 ತಿಂಗಳ ಹಿಂದೆ 11 ಜನರ ತಂಡದ ಹೊಣೆ ನನ್ನ ಪಾಲಿಗೆ ಬಂತು. ಅಧಿಕಾರ ಚಲಾಯಿಸುವುದು ನನ್ನ ಸ್ವಭಾವದಲ್ಲಿಲ್ಲ. ನಾಯಕನಾದವನು ಸೇವಕನಂತಿರಬೇಕೆಂದು ತರಬೇತಿಯೊಂದರಲ್ಲಿ ಕೇಳಿದ ಮಾತು ಮನಸ್ಸಿಗೆ ನಾಟಿತ್ತು. ಯಾರ ಕೆಲಸ ಬಾಕಿ ಉಳಿದರೂ ರಾತ್ರಿ ಕುಳಿತು ನಾನೇ ಮುಗಿಸುತ್ತೇನೆ. ಈವರೆಗೆ ಯಾರಿಗೂ ಒಂದು ಗಟ್ಟಿ ಮಾತು ಆಡಿದವನಲ್ಲ. ಈಗ ಕೆಲವರು ಕೆಲಸವನ್ನು ಅರ್ಧಕ್ಕೇ ಬಿಟ್ಟು ಹೊರಡುತ್ತಾರೆ. ಮೇಲಧಿಕಾರಿಗಳು ನನ್ನನ್ನು ಮೆತ್ತನೆಯ ಮನುಷ್ಯನೆನ್ನುತ್ತಾರೆ. ಕಚೇರಿಯಲ್ಲಿ ವಿನಯ ನಡೆಯುವುದಿಲ್ಲವೇ?

ಉತ್ತರ: ಖಂಡಿತ ನಡೆಯುತ್ತದೆ. ಆದರೆ ನೀವು ಮಾಡುತ್ತಿರುವುದರಲ್ಲಿ ವಿನಯಕ್ಕಿಂತ ಮುಲಾಜಿನ ಪಾಲೇ ಹೆಚ್ಚೆಂದು ನನಗೆ ತೋರುತ್ತದೆ. ನೇರವಾಗಿ ಹೇಳಿದೆನೆಂದು ಬೇಸರಿಸಬೇಡಿ.

ನೀವು ಕೇಳಿದ ಮಾತಿಗೆ ಇಂದಿನ ರೂಪ ಕೊಟ್ಟವರು ಅಮೆರಿಕದ ರಾಬರ್ಟ್ ಗ್ರೀನ್‌ಲೀಫ್. ದೊಡ್ಡ ದೂರವಾಣಿ ಕಂಪನಿಯೊಂದರಲ್ಲಿ ದಶಕಗಳ ಕಾಲ ದುಡಿದು ನಿವೃತ್ತರಾದ ಅವರು, 1970ರ ತಮ್ಮ ಪ್ರಬಂಧದಲ್ಲಿ ಇಂಥ ನಾಯಕನನ್ನು ಪರೀಕ್ಷಿಸಲು ಒಂದು ಒರೆಗಲ್ಲನ್ನು ಮುಂದಿಟ್ಟರು: ಸೇವೆ ಪಡೆದವರು ಅದರಿಂದ ಬೆಳೆಯುತ್ತಿದ್ದಾರೆಯೇ, ಮೊದಲಿಗಿಂತ ತಿಳಿವಳಿಕೆಯುಳ್ಳವರೂ ಸ್ವತಂತ್ರರೂ ಆಗುತ್ತಿದ್ದಾರೆಯೇ, ಮುಂದೆ ತಾವೂ ಇನ್ನೊಬ್ಬರಿಗೆ ನೆರವಾಗುವಂಥವರಾಗುತ್ತಿದ್ದಾರೆಯೇ? ನಾಯಕ ಎಷ್ಟು ರಾತ್ರಿ ನಿದ್ದೆಗೆಟ್ಟ ಎಂಬ ಲೆಕ್ಕವನ್ನು ಅವರು ಕೇಳಲಿಲ್ಲ.

ಒಂದು ವರದಿಯನ್ನೇ ತೆಗೆದುಕೊಳ್ಳಿ. ಕೋಷ್ಟಕದ ಕೊನೆಯ ಸಾಲಿನಲ್ಲಿ ಮೊತ್ತ ತಪ್ಪಿರುವುದನ್ನು ನೀವು ರಾತ್ರಿ ಕಂಡು, ತಿದ್ದಿ, ಕಳುಹಿಸಿಬಿಡುತ್ತೀರಿ. ಬರೆದವರಿಗೆ ಅದು ಗೊತ್ತೇ ಆಗುವುದಿಲ್ಲ. ಮುಂದಿನ ತಿಂಗಳು ಅದೇ ಸಾಲಿನಲ್ಲಿ ಅದೇ ತಪ್ಪು. ಇದರ ಬದಲು ಬೆಳಿಗ್ಗೆ ಅವರ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತು, ‘ಈ ಮೊತ್ತ ಹೇಗೆ ಬಂತು, ನನಗೊಮ್ಮೆ ತೋರಿಸಿ’ ಎಂದು ಕೇಳಿ. ಮೌಸ್ ಅವರ ಕೈಯಲ್ಲೇ ಇರಲಿ. ಹೀಗೆ ಕೇಳಿದಾಗ, ಬೇರೊಂದು ವಿಭಾಗ ಅಂಕಿಗಳನ್ನು ಸಂಜೆ 5ಕ್ಕೆ ಕಳುಹಿಸುತ್ತಿದೆ, 6ಕ್ಕೆ ವರದಿ ಕೊಡಬೇಕಾದ ಇವರಿಗೆ ಮರುಪರಿಶೀಲನೆಗೆ ಸಮಯವೇ ಇಲ್ಲ ಎಂಬ ಸಂಗತಿ ಹೊರಬಿದ್ದರೂ ಆಶ್ಚರ್ಯವಿಲ್ಲ. ಆ ವಿಭಾಗದ ಮುಖ್ಯಸ್ಥರ ಬಳಿ ಹೋಗಿ ಮಧ್ಯಾಹ್ನದೊಳಗೆ ಅಂಕಿ ತರಿಸಿಕೊಳ್ಳುವುದು ನಿಮ್ಮ ಹುದ್ದೆಯಿಂದ ಮಾತ್ರ ಆಗುವ ಕೆಲಸ. ನಿಮ್ಮ ತಂಡಕ್ಕೆ ಬೇಕಾದ ಸೇವೆ ಅದೇ, ಅದಕ್ಕೆ ಅಧಿಕಾರ ಬಳಸಲು ಸಂಕೋಚಪಡಬೇಕಾಗಿಲ್ಲ.

ಕಾರಣವಿಲ್ಲದೆ ಕೆಲಸ ಬಿಟ್ಟು ಹೊರಡುವವರನ್ನು ಮಾತ್ರ ಒಬ್ಬೊಬ್ಬರನ್ನಾಗಿ ಕರೆದು, ಏನು ಉಳಿಯಿತು, ಅದರ ಭಾರ ಯಾರ ಮೇಲೆ ಬಿತ್ತು, ಯಾವಾಗ ಮುಗಿಸುತ್ತೀರಿ ಎಂದು ಕೇಳಿ. ದನಿ ಏರಿಸಬೇಕಿಲ್ಲ, ಆದರೆ ಉತ್ತರ ಬರುವವರೆಗೆ ಸುಮ್ಮನೆ ಕಾಯಬೇಕು. ನಿಮ್ಮಂಥವರಿಗೆ ಈ ಕಾಯುವುದೇ ಕಷ್ಟ.

ಇನ್ನು ವಿನಯದ ಮಾತು. ಮುಂದಿನ ಸಭೆಯಲ್ಲಿ, ‘ನಿಮ್ಮ ತಪ್ಪುಗಳನ್ನು ನಿಮಗೆ ಹೇಳದೆ ನಾನೇ ತಿದ್ದುತ್ತಿದ್ದೆ, ಅದು ನನ್ನ ತಪ್ಪು’ ಎಂದು ಮೊದಲು ನೀವೇ ಒಪ್ಪಿಕೊಳ್ಳಿ. 1990ರ ದಶಕದಲ್ಲಿ, ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಭ್ಯಸಿಸಿದ ಅಮೆರಿಕದ ಸಂಶೋಧಕಿ ಎಮಿ ಎಡ್ಮಂಡ್‌ಸನ್, ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆಯಿರುತ್ತದೆ ಎಂದುಕೊಂಡೇ ಹೊರಟಿದ್ದರು. ದಾಖಲೆಯಲ್ಲಿ ಸಿಕ್ಕಿದ್ದು ತಿರುಗುಮುರುಗು. ಅಂಥ ತಂಡಗಳಲ್ಲಿ ಆದ ತಪ್ಪನ್ನು ಬಾಯಿಬಿಟ್ಟು ಹೇಳುವ ಧೈರ್ಯ ಹೆಚ್ಚಿತ್ತು ಎಂಬ ವಿವರಣೆಗೆ ಅವರು ಬಂದರು. ಮೇಲೆ ಕುಳಿತವರು ತಮ್ಮ ತಪ್ಪು ಹೇಳಿಕೊಳ್ಳದ ಕಡೆ ಕೆಳಗಿನವರು ಬಾಯಿಬಿಡುವುದು ಅಪರೂಪ.

ಪ್ರಶ್ನೆ: ನಮ್ಮ ಮುಖ್ಯಸ್ಥರು ಪ್ರತಿ ಸಭೆಯಲ್ಲೂ ‘ನಾನು ನಿಮ್ಮೆಲ್ಲರ ಸೇವಕ’ ಎನ್ನುತ್ತಾರೆ. ಎದುರು ಮಾತಾಡಿದವರನ್ನು ಮಾತ್ರ ಮರೆಯುವುದಿಲ್ಲ. ಏನು ಮಾಡಲಿ?

ಉತ್ತರ: ಸಭೆಯಲ್ಲಿ ಪರೀಕ್ಷೆಗಿಳಿಯಬೇಡಿ. ನಿಮ್ಮ ಆಕ್ಷೇಪವನ್ನು ಅವರ ಕೋಣೆಯಲ್ಲಿ, ಜೊತೆಗೊಂದು ಪರಿಹಾರವಿಟ್ಟುಕೊಂಡು ಹೇಳಿ ನೋಡಿ. ನಾಲ್ಕು ಜನರೆದುರು ಮುಖಭಂಗವಾಗುವ ಭಯವಿಲ್ಲದಾಗ ಕೆಲವರು ನಿಜಕ್ಕೂ ಕೇಳಿಸಿಕೊಳ್ಳುತ್ತಾರೆ. ಅಲ್ಲಿಯೂ ಮುಖ ಗಂಟಿಕ್ಕಿದರೆ, ಸಭೆಯ ಆ ಮಾತನ್ನು ಸ್ವಾಗತ ಭಾಷಣದ ಜೊತೆಗೇ ಸೇರಿಸಿ ಕೇಳಿಸಿಕೊಳ್ಳಿ.